ಅಂತರ್ಜಲ ಕೆಡಿಸುತ್ತಿರುವ ಮೂಲಗಳ ಪತ್ತೆಗೆ ಸರ್ಕಾರದ ಹಣ ಮೀಸಲಿಡುವಂತೆ ಕೋರಿ ಮನವಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಚಿತ್ರದುರ್ಗ ಜಿಲ್ಲೆ, ಚಿತ್ರದುರ್ಗ.

ಇಂದ,
ಭರಮಸಾಗರ ಹೋಬಳಿಯ ರೈತರು, ಕೂಲಿಕಾರರು ಮತ್ತು ನಿವಾಸಿಗಳು.

ವಿಷಯ: ಹೋಬಳಿಯ ಕೊಳವೆಬಾವಿಗಳ ನೀರು ಎಲ್ಲಿಂದ ಮಲಿನವಾಗುತ್ತಿದೆ ಎಂಬುದರ ತನಿಖೆಗೆ ಜಿಲ್ಲಾ ಖನಿಜ ಪ್ರತಿಷ್ಠಾನ ಹಾಗೂ ಜಲ ಜೀವನ್ ಮಿಷನ್ ನಿಧಿಯಿಂದ ಅನುದಾನ ಒದಗಿಸುವ ಬಗ್ಗೆ.

ಮಾನ್ಯರೇ,

ಕೆಳಗೆ ಸಹಿ ಮಾಡಿರುವ ನಾವು ಈ ಸಲ ನೀರಿಲ್ಲ ಎಂದು ದೂರಲು ಬಂದಿಲ್ಲ. ಆ ದೂರು ಹೇಳಿ ಹೇಳಿ ನಮ್ಮ ಹಿರಿಯರ ಜೀವ ಸವೆಯಿತು. ಹರಿಹರದ ಕಡೆಯಿಂದ ಏತ ನೀರಾವರಿಯಲ್ಲಿ ತುಂಗಭದ್ರೆ ಹರಿದು ಬಂದು, ಪಾಳೇಗಾರ ಭರಮಣ್ಣ ನಾಯಕನ ಹೆಸರು ಹೊತ್ತ ನಮ್ಮ ಕೆರೆ 2021ರಲ್ಲಿ ತುಂಬಿತು. ಏರಿಯ ಮೇಲೆ ನಿಂತು ಅದನ್ನು ಕಂಡ ಸಂತೋಷ ನಮ್ಮಲ್ಲಿ ಇನ್ನೂ ಆರಿಲ್ಲ. ಈಗ ನಮ್ಮ ಪ್ರಶ್ನೆ ಬೇರೆ: ನೆಲದೊಳಗಿನ ನೀರಿನಲ್ಲಿ ಏನು ಬೆರೆತಿದೆ, ಅದು ಎಲ್ಲಿಂದ ಬಂದು ಸೇರುತ್ತಿದೆ? ಮೊದಲನೆಯದಕ್ಕೆ ಅಷ್ಟಿಷ್ಟು ಉತ್ತರ ಸಿಗುತ್ತಿದೆ. ಎರಡನೆಯದನ್ನು ಕೇಳುವುದಕ್ಕೆಂದು ತೆಗೆದಿಟ್ಟ ಹಣವನ್ನು ನಾವು ಯಾವ ಲೆಕ್ಕಪತ್ರದಲ್ಲೂ ಕಂಡಿಲ್ಲ.

ಜಲ ಜೀವನ್ ಮಿಷನ್‌ನಡಿ ಊರಿಗೆ ಐದು ಜನ ಹೆಣ್ಣುಮಕ್ಕಳಿಗೆ ಕಿಟ್ ಕೊಟ್ಟು ನೀರು ಪರೀಕ್ಷಿಸುವುದನ್ನು ಕಲಿಸುವ ವ್ಯವಸ್ಥೆ ಇದೆ. ನಮ್ಮ ಮುಂದೆಯೇ ಒಮ್ಮೆ ಒಬ್ಬ ತಂಗಿ ಬೋರಿನ ನೀರನ್ನು ಪುಟ್ಟ ಶೀಶೆಗೆ ಗುರುತಿನ ತನಕ ತುಂಬಿ, ನಾಲ್ಕಾರು ಹನಿ ಔಷಧಿ ಬಿಟ್ಟು ಅಲುಗಿಸಿದಳು. ಗುಲಾಬಿಯಾಗಿ ನಿಲ್ಲಬೇಕಿದ್ದ ಬಣ್ಣ ನಿಧಾನಕ್ಕೆ ಹಳದಿಗೆ ತಿರುಗಿತು. ಬಣ್ಣದ ಚೀಟಿಯ ಪಕ್ಕ ಹಿಡಿದು, ‘ಫ್ಲೋರೈಡ್ ಜಾಸ್ತಿ ಇದೆ ಕಣಣ್ಣ’ ಎಂದಳು. ಅಲ್ಲಿ ಸೇರಿದ್ದವರೆಲ್ಲ ಒಟ್ಟಿಗೆ ಕೇಳಿದ್ದು ಒಂದೇ: ‘ಹೋದ ವರ್ಷ ಇರಲಿಲ್ಲವಲ್ಲ, ಎಲ್ಲಿಂದ ಬಂತು?’ ಅದನ್ನು ಹೇಳುವ ಔಷಧಿ ಆ ಡಬ್ಬಿಯಲ್ಲಿ ಇರಲಿಲ್ಲ.

ನೀರು ಕೆಟ್ಟಿದೆ ಎಂದು ಗೊತ್ತಾದಾಗ ಸಿಗುವ ಪರಿಹಾರ ಶುದ್ಧ ನೀರಿನ ಘಟಕ. ಅದರ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಂಡು ಹೋಗುವ ಮನೆಗಳು ನಮ್ಮವೇ. ಆದರೆ ಆ ಯಂತ್ರ ಉಪ್ಪು, ಫ್ಲೋರೈಡುಗಳನ್ನು ಸುಟ್ಟುಹಾಕುವುದಿಲ್ಲ. ಅವನ್ನೆಲ್ಲ ಗಟ್ಟಿಮಾಡಿ ಇನ್ನೊಂದು ಪೈಪಿನಿಂದ ಆಚೆಗೆ ಬಿಡುತ್ತದೆ. ಆ ಪೈಪು ಚರಂಡಿಗೆ ಇಳಿದ ಕಡೆ, ಚರಂಡಿ ಹಳ್ಳಕ್ಕೆ ಸೇರಿದ ಕಡೆ, ನೀರು ಮತ್ತೆ ಇಂಗುವುದು ಅದೇ ನೆಲಕ್ಕೆ. ‘ಕಾಯಿಸಿ ಕುಡಿಯಿರಿ’ ಎನ್ನುವ ಸಲಹೆಯೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವು ಗಟ್ಟಿಯಾಗುತ್ತವೆ. ಹಸುಗೂಸಿಗೆ ಪುಡಿಹಾಲು ಕಲಸುವ ತಾಯಿಗೆ ಇದನ್ನು ಯಾರಾದರೂ ಹೇಳಲೇಬೇಕು.

ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಾಗ 1.5ರವರೆಗೆ ಸಹಿಸಬಹುದು. ನೈಟ್ರೇಟ್‌ಗೆ 45 ಮಿಲಿಗ್ರಾಂ, ಅದರ ಮೇಲೆ ಯಾವ ರಿಯಾಯಿತಿಯೂ ಇಲ್ಲ. ಇವೆರಡೂ ಒಂದೇ ಬೋರಿನಲ್ಲಿ ಸಿಕ್ಕರೂ ಬಂದ ದಾರಿಗಳು ಬೇರೆ. ಫ್ಲೋರೈಡ್ ಬಹುಪಾಲು ನಮ್ಮ ಕಾಲಡಿಯ ಬಂಡೆಯದೇ. ಗ್ರಾನೈಟ್, ನೈಸ್ ಶಿಲೆಗಳ ಬಿರುಕಿನಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ ಅದು ಕರಗುತ್ತದೆ. ಬೋರು ಆಳಕ್ಕೆ ಹೋದಷ್ಟೂ ಅಂಥ ಹಳೆಯ ನೀರು ಸಿಗುವ ಸಂಭವ ಹೆಚ್ಚು. ನೈಟ್ರೇಟ್ ಇಳಿಯುವುದು ಮೇಲಿನಿಂದ: ಮೆಕ್ಕೆಜೋಳ, ಈರುಳ್ಳಿ ಹೊಲಕ್ಕೆ ಚೆಲ್ಲಿದ ಯೂರಿಯಾ, ಮನೆ ಹಿಂದಿನ ತಿಪ್ಪೆ, ಕಲ್ಲಿನ ತಳವಿಲ್ಲದ ಶೌಚಗುಂಡಿ. ಇದರ ಜೊತೆಗೆ ಭೀಮಸಮುದ್ರದ ಸುತ್ತ ಕಬ್ಬಿಣದ ಅದಿರಿನ ಗಣಿಗಳಿವೆ, ಇಂಗಳದಾಳಿನಲ್ಲಿ ತಾಮ್ರದ ಹಳೆಯ ಗಣಿ ಇದೆ. ಅವುಗಳಿಂದ ನೀರು ಕೆಟ್ಟಿದೆ ಎಂದು ನಾವು ಹೇಳುತ್ತಿಲ್ಲ. ಕೆಟ್ಟಿದೆಯೋ ಇಲ್ಲವೋ ನೋಡಿ ಹೇಳಿ ಎನ್ನುತ್ತಿದ್ದೇವೆ.

ಮೂಲ ತಿಳಿಯದಿದ್ದರೆ ಗುಮಾನಿ ಬೆಳೆಯುತ್ತದೆ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜೀವಗಳು ಹೋದವು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅದು ನಲ್ಲಿಯ ನೀರಿನ ಮಾತು, ಅಂತರ್ಜಲದ್ದಲ್ಲ. ಆದರೂ ಪರೀಕ್ಷೆಯ ವರದಿ ಕೈಗೆ ಬರುವ ಮೊದಲೇ ಕೇರಿ ಕೇರಿಗಳಲ್ಲಿ ಎಂಥೆಂಥ ಮಾತು ಹಬ್ಬಿತೆಂಬುದು ತಮಗೂ ಗೊತ್ತು. ನೀರಿನ ಮೇಲಿನ ಅನುಮಾನ ನೆರೆಯವನ ಮೇಲಿನ ಅನುಮಾನವಾಗಲು ಎರಡು ದಿನ ಸಾಕು.

ಬಿಚ್ರಿಯ ಕಥೆ ನಮ್ಮ ಬೇಡಿಕೆಗೆ ಹತ್ತಿರವಾದದ್ದು. ರಾಜಸ್ಥಾನದ ಉದಯಪುರ ಜಿಲ್ಲೆಯ ಆ ಹಳ್ಳಿಯಲ್ಲಿ ರಾಸಾಯನಿಕ ಕಾರ್ಖಾನೆಗಳ ಕೆಸರು ನೆಲಕ್ಕಿಳಿದು ಬಾವಿಗಳ ನೀರು ಬಣ್ಣಗೆಟ್ಟಿತು. ಊರವರ ಕೂಗೊಂದೇ ಸಾಕಾಗಲಿಲ್ಲ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯ ತಜ್ಞರು ಮಣ್ಣು, ಬಾವಿಗಳನ್ನು ಅಳೆದು ವರದಿ ಕೊಟ್ಟರು. ಕೆಡಿಸಿದವನೇ ತೆರಬೇಕು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಡಲು ಅಂಥ ಅಳತೆ ಕೈಯಲ್ಲಿತ್ತು. ತನಿಖೆಯ ಖರ್ಚನ್ನು ಮೊದಲು ಸಾರ್ವಜನಿಕ ನಿಧಿಯೇ ಹೊರಬೇಕು. ಹೊಣೆ ಯಾರದೆಂದು ಗೊತ್ತಾದ ಮೇಲೆ ವಸೂಲಿಯ ಮಾತು. ಬಡ ರೈತನೊಬ್ಬ ಪ್ರಯೋಗಾಲಯಕ್ಕೆ ತಾನೇ ಹಣ ಕಟ್ಟಿ ‘ನನ್ನ ಬೋರು ಕೆಟ್ಟದ್ದು ಇಂಥದರಿಂದ’ ಎಂದು ರುಜುವಾತು ಮಾಡಲಿ ಎನ್ನುವುದು ನ್ಯಾಯವಲ್ಲ.

ಹಣ ಇಲ್ಲ ಎಂಬ ಉತ್ತರವನ್ನು ನಾವು ಒಪ್ಪಲಾರೆವು. 2015ರ ಗಣಿ ಕಾನೂನು ತಿದ್ದುಪಡಿಯಂತೆ ಪ್ರತಿ ಗಣಿ ಗುತ್ತಿಗೆಯಿಂದ ರಾಜಧನದ ಜೊತೆಗೆ ಒಂದು ಪಾಲು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಬರುತ್ತದೆ. ಹರಾಜಿನಲ್ಲಿ ಪಡೆದ ಗುತ್ತಿಗೆಯಾದರೆ ರಾಜಧನದ ಶೇ 10, ಅದಕ್ಕೂ ಹಿಂದಿನದಾದರೆ ಶೇ 30. ಕುಡಿಯುವ ನೀರು, ಮಾಲಿನ್ಯ ನಿಯಂತ್ರಣ ಎರಡೂ ಆ ನಿಧಿಯ ಆದ್ಯತೆಯ ಬಾಬ್ತುಗಳೇ. ಜಲ ಜೀವನ್ ಮಿಷನ್‌ನಲ್ಲೂ ನೀರಿನ ಗುಣಮಟ್ಟದ ನಿಗಾಕ್ಕೆ ಶೇ 2ರವರೆಗೆ ಬಳಸಲು ಅವಕಾಶವಿದೆ. ಕಟ್ಟಡಕ್ಕೆ, ರಸ್ತೆಗೆ, ಘಟಕಕ್ಕೆ ಹಣ ಬಿಡುಗಡೆಯಾದಂತೆ ಹುಡುಕಾಟಕ್ಕೂ ಆಗಲಿ.

ಆದ್ದರಿಂದ ನಮ್ಮ ಬೇಡಿಕೆ. ಪ್ರತಿಷ್ಠಾನದ ಮುಂದಿನ ಕ್ರಿಯಾಯೋಜನೆಯಲ್ಲಿ ಹೋಬಳಿಯ ಅಂತರ್ಜಲ ಮಾಲಿನ್ಯದ ಮೂಲ ಪತ್ತೆಗೆ ಪ್ರತ್ಯೇಕ ಬಾಬ್ತು ತೆರೆಯಬೇಕು. ಗ್ರಾಮ ಪಂಚಾಯಿತಿಗಳ ಅಲ್ಪ ಅನುದಾನವನ್ನು ಇದಕ್ಕೆ ಮುಟ್ಟಬಾರದು. ಅಂತರ್ಜಲ ನಿರ್ದೇಶನಾಲಯ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಒಟ್ಟಾಗಿ, ಮಳೆಗೆ ಮೊದಲೊಮ್ಮೆ, ಮಳೆಯ ನಂತರ ಒಮ್ಮೆ, ಸತತ ಎರಡು ವರ್ಷ ಅವೇ ಬೋರುಗಳಿಂದ ಮಾದರಿ ತೆಗೆಯಬೇಕು. ಫ್ಲೋರೈಡ್, ನೈಟ್ರೇಟ್ ಜೊತೆಗೆ ಭಾರಲೋಹಗಳನ್ನೂ ನೋಡಬೇಕು. ರಸಗೊಬ್ಬರದ ನೈಟ್ರೇಟ್ ಯಾವುದು, ಸಗಣಿ, ಮಲದ್ದು ಯಾವುದು ಎಂಬುದನ್ನು ಸಾರಜನಕದ ಐಸೊಟೋಪ್‌ನಿಂದ ಬಹುಮಟ್ಟಿಗೆ ಬೇರ್ಪಡಿಸಲು ಬರುತ್ತದೆ. ಆ ಪರೀಕ್ಷೆ ದುಬಾರಿ ಎಂದು ಕೈಬಿಡಬಾರದು. ವಿಫಲವಾದ ಬೋರುಗಳ ಪಟ್ಟಿ ಮಾಡಿ, ಬಾಯಿ ತೆರೆದುಕೊಂಡು ಕಸ, ಚರಂಡಿ ನೀರು ನುಂಗುತ್ತಿರುವವನ್ನು ಕೂಡಲೇ ಮುಚ್ಚಿಸಬೇಕು. ಶುದ್ಧ ನೀರಿನ ಘಟಕಗಳ ತ್ಯಾಜ್ಯ ನೀರು ಎಲ್ಲಿ ಇಳಿಯುತ್ತಿದೆ ಎಂಬುದೂ ತನಿಖೆಯ ಭಾಗವಾಗಲಿ.

ಕೆರೆಯ ಮಾತು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹೊಸ ನೀರು ಇಂಗಿದರೆ ಫ್ಲೋರೈಡ್ ತಿಳಿಯಾಗಬಹುದು. ಅದೇ ನೀರು ಮೇಲ್ಮಣ್ಣಿನ ನೈಟ್ರೇಟನ್ನು ಕೆಳಕ್ಕೆ ತೊಳೆದೂ ಕಳಿಸಬಹುದು. ತುಂಗಭದ್ರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕಲುಷಿತ ನದಿ ಭಾಗಗಳ ಪಟ್ಟಿಯಲ್ಲಿ ಹೆಸರು ಬಂದಿರುವ ನದಿ. ನಮಗೆ ಆ ನೀರು ಬೇಕೇ ಬೇಕು. ಅದಕ್ಕಾಗಿಯೇ ಪಂಪಿನಿಂದ ಬಂದು ಬೀಳುವ ಜಾಗದಲ್ಲಿ, ಕೆರೆಯಂಗಳದಲ್ಲಿ, ಅಚ್ಚುಕಟ್ಟಿನ ಬೋರಿನಲ್ಲಿ ಅದರ ಗುಣ ಅಳೆದು ದಾಖಲಿಸಬೇಕು ಎನ್ನುತ್ತೇವೆ.

ವರದಿ ಕನ್ನಡದಲ್ಲಿರಲಿ, ಗ್ರಾಮಸಭೆಯಲ್ಲಿ ಓದಿ ಹೇಳಲಿ, ಬೋರಿನ ಪಕ್ಕದ ಗೋಡೆಯ ಮೇಲೆ ಅಂಕಿ ಬರೆಸಲಿ. ಮೊದಲ ಮಾದರಿಯನ್ನು ಮುಂಗಾರಿಗೆ ಮುನ್ನವೇ ತೆಗೆಯಬೇಕು. ಮಳೆ ಬಿದ್ದ ಮೇಲೆ ಈ ವರ್ಷದ ಬೇಸಿಗೆಯ ನೀರು ಮತ್ತೆ ಸಿಗುವುದಿಲ್ಲ. ಬೋರುಗಳನ್ನು ತೋರಿಸಲು, ಮಾದರಿ ಹಿಡಿಯಲು ಊರಿಗೆ ಇಬ್ಬರಂತೆ ನಾವು ಬರುತ್ತೇವೆ. ದಿನ ಗೊತ್ತುಮಾಡಿ ತಿಳಿಸಬೇಕಾಗಿ ವಿನಂತಿ.

ಸ್ಥಳ: ಭರಮಸಾಗರ
ತಮ್ಮ ವಿಶ್ವಾಸಿಗಳು,
ಭರಮಸಾಗರ ಹೋಬಳಿಯ ನಿವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿ: ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯಿತಿ, ಚಿತ್ರದುರ್ಗ.