ಊರಿನವರ ಮಾತು, ರನ್‌ವೇಯ ಅಂಚು

ವಿಮಾನ ನಿಲ್ದಾಣವೆಂದರೆ ಅಭಿವೃದ್ಧಿಯ ಹೆಬ್ಬಾಗಿಲೆಂಬ ಮಾತು, ಜಿಲ್ಲೆಗೊಂದು ನಿಲ್ದಾಣ ಬೇಡುವ ಈ ಕಾಲದಲ್ಲಿ ಪ್ರಶ್ನಾತೀತವಾಗಿಬಿಟ್ಟಿದೆ. ಆ ಬಾಗಿಲು ಯಾರ ಅಂಗಳದಲ್ಲಿ ತೆರೆಯುತ್ತದೆ, ಎಂತಹ ನೆಲದ ಮೇಲೆ ನಿಲ್ಲುತ್ತದೆ ಎಂದು ಕೇಳಿದವರು ಪ್ರಗತಿವಿರೋಧಿಗಳೆನಿಸಿಕೊಳ್ಳುತ್ತಾರೆ. ಅಂಥವರ ಮಾತನ್ನು ತಳ್ಳಿಹಾಕುವ ಮುನ್ನ ಮಂಗಳೂರಿನ ಬಜಪೆಯನ್ನು ನೆನೆಯಬೇಕು.

ಬಜಪೆಯ ಗುಡ್ಡದ ಮೇಲೆ 1951ರಲ್ಲಿ ವಿಮಾನ ನಿಲ್ದಾಣ ಆರಂಭವಾಯಿತು. ಅದರ 1,615 ಮೀಟರ್ ಉದ್ದದ ರನ್‌ವೇ ದೊಡ್ಡ ಜೆಟ್ ವಿಮಾನಗಳಿಗೆ ಸಾಲದೆಂದು 2,450 ಮೀಟರಿನ ಎರಡನೆಯ ರನ್‌ವೇಯ ಯೋಜನೆ ಬಂದಾಗ, ಸುತ್ತಲಿನ ಜನ ವಿಮಾನ ನಿಲ್ದಾಣ ವಿಸ್ತರಣಾ ವಿರೋಧಿ ಸಮಿತಿ ಕಟ್ಟಿಕೊಂಡರು. ಅವರ ತಕರಾರು ಮನೆ-ಜಮೀನುಗಳ ನಷ್ಟಕ್ಕಷ್ಟೇ ಸೀಮಿತವಾಗಿರಲಿಲ್ಲ. ರನ್‌ವೇಯ ಅಂಚು ಆಳವಾದ ಕಣಿವೆಗೆ ಇಳಿಯುತ್ತದೆ, ಎಲ್ಲೆ ಮೀರಿದ ವಿಮಾನಕ್ಕೆ ನಿಲ್ಲಲು ಎಡೆಯಿಲ್ಲ, ಅವಘಡವಾದರೆ ನೆರವು ತಲುಪುವುದು ದುಸ್ತರ ಎಂಬುದು ಅವರ ವಾದ. 1997ರಲ್ಲಿಯೂ 2002ರಲ್ಲಿಯೂ ಹೈಕೋರ್ಟಿನ ಕದ ತಟ್ಟಿದರು, ಯೋಜನೆ ನಿಲ್ಲಲಿಲ್ಲ. 2003ರಲ್ಲಿ ಸುಪ್ರೀಂ ಕೋರ್ಟ್ ಅರ್ಜಿಯನ್ನು ವಜಾ ಮಾಡಿ, ಕಾನೂನು-ನಿಯಮಗಳನ್ನು ಪಾಲಿಸತಕ್ಕದ್ದೆಂದು ಹೇಳಿತು. 2006ರಲ್ಲಿ ರನ್‌ವೇ ಬಳಕೆಗೆ ಬಂದಿತು.

2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಅದೇ ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿತು. 166 ಮಂದಿಯಲ್ಲಿ ಬದುಕುಳಿದವರು 8 ಮಾತ್ರ. ಪೈಲಟ್ ಇಳಿಯುವ ಯತ್ನವನ್ನು ಕೈಬಿಡದಿದ್ದುದೇ ನೇರ ಕಾರಣವೆಂದು ತನಿಖಾ ನ್ಯಾಯಾಲಯ ಹೇಳಿತು, ಅದನ್ನು ಮರೆಮಾಚಬೇಕಿಲ್ಲ. ಆದರೆ ಮನುಷ್ಯ ತಪ್ಪುತ್ತಾನೆಂದೇ ರನ್‌ವೇಯ ಕೊನೆಯಲ್ಲಿ ಸುರಕ್ಷಾ ಪ್ರದೇಶ ಬಿಡುವುದು. ಅದು 240 ಮೀಟರ್ ಇರಬೇಕೆಂಬುದು ಅಂತರರಾಷ್ಟ್ರೀಯ ಶಿಫಾರಸು, ಬಜಪೆಯಲ್ಲಿದ್ದುದು 90. ಸಮತಟ್ಟಾದ ನೆಲದಲ್ಲಿ ಕ್ಷಮೆಯಿರುವ ತಪ್ಪಿಗೆ ಗುಡ್ಡದ ನೆತ್ತಿಯಲ್ಲಿ ಕ್ಷಮೆಯಿಲ್ಲ. 2020ರ ಆಗಸ್ಟ್ 7ರಂದು ಕೋಯಿಕ್ಕೋಡಿನ ಗುಡ್ಡದ ರನ್‌ವೇ 21 ಜೀವಗಳನ್ನು ಬಲಿ ಪಡೆದು ಅದೇ ಪಾಠವನ್ನು ಮತ್ತೊಮ್ಮೆ ಹೇಳಿತು.

ಘಟಪ್ರಭೆಯ ದಡದ ಮುಧೋಳಕ್ಕೆ, ಆಲಮಟ್ಟಿಯ ಹಿನ್ನೀರು ಕಂಡ ಬೀಳಗಿ-ಜಮಖಂಡಿಗಳಿಗೆ ಭೂಸ್ವಾಧೀನದ ನೋಟೀಸು ಹೊಸದಲ್ಲ. ನೆಲ ಬಿಟ್ಟವರ ಪುನರ್ವಸತಿಯ ಕೊರಗು ಅಲ್ಲಿ ತಲೆಮಾರುಗಳನ್ನು ದಾಟಿ ಬಂದಿದೆ. ದೇವನಹಳ್ಳಿಯಲ್ಲಿ, ಬೆಂಗಳೂರು ವಿಮಾನ ನಿಲ್ದಾಣದ ನೆರೆಯ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು ವೈಮಾನಿಕ ಉದ್ಯಮಕ್ಕೆಂದು ಗುರುತಿಸಿದ 1,777 ಎಕರೆಗಾಗಿ 2022ರಿಂದ ಮೂರು ವರ್ಷಕ್ಕೂ ಮೀರಿ ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರ ಭೂಸ್ವಾಧೀನ ಕೈಬಿಡುವುದಾಗಿ ಘೋಷಿಸಿತು. ಪಟ್ಟು ಬಿಡದ ಹೋರಾಟ ಸರ್ಕಾರದ ಕಿವಿಯನ್ನೂ ತೆರೆಸಬಲ್ಲದು.

ವಿಮಾನ ಬೇಡವೆಂಬುದು ಈ ಹೋರಾಟಗಳ ಸಾರವಲ್ಲ. ನೆಲದ ಏರಿಳಿತವನ್ನು, ಮಳೆ-ಮಣ್ಣಿನ ಗುಣವನ್ನು ದಿನನಿತ್ಯ ಕಾಣುವವನ ಅರಿವು ನಕ್ಷೆ ಬರೆಯುವವನ ಮೇಜಿಗೂ ತಲುಪಬೇಕು. ಗ್ರಾಮಸಭೆಯ ಒಪ್ಪಿಗೆ, ಮುಕ್ತವಾದ ಸಾರ್ವಜನಿಕ ಅಹವಾಲು, ಪೂರ್ಣ ತಾಂತ್ರಿಕ ವರದಿಯ ಕನ್ನಡ ಪ್ರತಿ ಇವು ಗುದ್ದಲಿಪೂಜೆಗೆ ಮೊದಲೇ ಆಗಬೇಕಾದ ಕೆಲಸಗಳು. ಅಪಘಾತದ ನಂತರದ ಪರಿಹಾರ ಧನ, ಮೊದಲೇ ಕೇಳಿಸಿಕೊಳ್ಳದ ಎಚ್ಚರಿಕೆಯ ಮಾತಿಗೆ ಬದಲಾಗಲಾರದು.