ಸೊಂಟದ ಕೀಲು: ಹಿಂದಿನಿಂದಲೋ, ಮುಂದಿನಿಂದಲೋ?

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲೋ ಕಾಗದದ ಕಾರ್ಖಾನೆಯಲ್ಲೋ ದುಡಿದು ನಿವೃತ್ತರಾದವರಲ್ಲಿ ಕೆಲವರಿಗೆ ಅರವತ್ತು ದಾಟುತ್ತಿದ್ದಂತೆ ನೆಲದ ಮೇಲೆ ಕುಳಿತರೆ ಏಳಲಾಗುವುದಿಲ್ಲ. ಚಪ್ಪಲಿ ಮೆಟ್ಟಲು ಬಗ್ಗಲಾಗುವುದಿಲ್ಲ. ತೊಡೆಸಂದಿನ ನೋವು ಮೊಣಕಾಲಿನವರೆಗೂ ಇಳಿಯುವುದರಿಂದ ಮೊಣಕಾಲಿಗೇ ಎಣ್ಣೆ ತಿಕ್ಕುತ್ತಾರೆ. ಶಿವಮೊಗ್ಗಕ್ಕೆ ಹೋಗಿ ಎಕ್ಸ್-ರೇ ತೆಗೆಸಿದಾಗಲೇ ಸವೆದಿರುವುದು ಸೊಂಟದ ಕೀಲು ಎಂದು ತಿಳಿಯುವುದು.

ತೊಡೆಮೂಳೆಯ ದುಂಡು ತಲೆ ಸೊಂಟದ ಮೂಳೆಯ ಬಟ್ಟಲಿನೊಳಗೆ ತಿರುಗುತ್ತದೆ. ಇವೆರಡರ ನಡುವಿನ ನುಣುಪಾದ ಮೃದ್ವಸ್ಥಿ ಸವೆದರೆ ಮೂಳೆಗೆ ಮೂಳೆ ಉಜ್ಜುತ್ತದೆ. ತೂಕ ಇಳಿಸುವುದು, ವ್ಯಾಯಾಮ, ನೋವಿಲ್ಲದ ಕಡೆಯ ಕೈಯಲ್ಲಿ ಊರುಗೋಲು, ಬೇಕಾದಾಗ ಮಾತ್ರೆ: ಮೊದಲು ಇವೇ. ರಾತ್ರಿ ನಿದ್ದೆ ಕೆಡಿಸುವಷ್ಟು ನೋವಾದರೆ ಕೀಲು ಬದಲಿಸುವ ಮಾತು ಬರುತ್ತದೆ. 1962ರಲ್ಲಿ ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್ಲಿ ಉಕ್ಕಿನ ಪುಟ್ಟ ಗುಂಡನ್ನು ಗಟ್ಟಿ ಪ್ಲಾಸ್ಟಿಕ್ ಬಟ್ಟಲಿಗೆ ಕೂಡಿಸಿ, ಸಿಮೆಂಟಿನಿಂದ ಮೂಳೆಗೆ ಅಂಟಿಸಿ ಈ ಚಿಕಿತ್ಸೆಗೆ ಗಟ್ಟಿ ತಳಹದಿ ಹಾಕಿದರು.

ಮೂರು ದಾರಿ

ಕೀಲನ್ನು ತಲುಪಲು ಮುಖ್ಯವಾಗಿ ಮೂರು ದಾರಿಗಳಿವೆ. ಹಿಂದಿನಿಂದ ಹೋದರೆ ನಡಿಗೆಗೆ ಆಸರೆಯಾದ ಪಕ್ಕದ ಸ್ನಾಯುಗಳು ಉಳಿಯುತ್ತವೆ. ಆದರೆ ಹಿಂದಿನ ಸಣ್ಣ ಸ್ನಾಯುಗಳನ್ನು ಬಿಡಿಸಿ ಮತ್ತೆ ಹೊಲಿಯಬೇಕಾದ್ದರಿಂದ ಗುಂಡು ಬಟ್ಟಲಿನಿಂದ ಜಾರುವ ಭಯ ತುಸು ಹೆಚ್ಚು. ಪಕ್ಕದಿಂದ ಹೋದರೆ ಜಾರುವ ಭಯ ಕಡಿಮೆ, ಕುಂಟುವ ಸಂಭವ ಹೆಚ್ಚು. ಮುಂದಿನಿಂದ ಹೋದರೆ ಸ್ನಾಯುಗಳ ನಡುವಿನ ಸಂದಿನಲ್ಲೇ ನುಸುಳಬಹುದು; ಆದರೆ ತೊಡೆಯ ಚರ್ಮ ಜೋಮು ಹಿಡಿಯಬಹುದು, ಕೈ ಪಳಗದ ವೈದ್ಯರಾದರೆ ತೊಡೆಮೂಳೆ ಬಿರುಕು ಬಿಡಲೂಬಹುದು.

ಮುಂದಿನಿಂದ ಮಾಡಿಸಿಕೊಂಡವರು ಮೊದಲ ಕೆಲವು ವಾರ ಬೇಗ ಚೇತರಿಸಿಕೊಳ್ಳುವುದು ನಿಜ. ಆದರೆ ಆರು ತಿಂಗಳು ಕಳೆದ ಮೇಲೆ ಮೂರು ದಾರಿಯವರ ನಡಿಗೆಯಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಆದ್ದರಿಂದ 'ಎಲ್ಲಿಂದ ಕೊಯ್ಯುತ್ತೀರಿ?' ಎನ್ನುವುದಕ್ಕಿಂತ 'ನೀವು ಹೆಚ್ಚಾಗಿ ಮಾಡುವುದು ಯಾವ ವಿಧಾನ?' ಎಂಬ ಪ್ರಶ್ನೆಯೇ ಮೇಲು.

ಎಷ್ಟು ವರ್ಷ ಬಾಳುತ್ತದೆ?

ವಯಸ್ಸಾಗಿ ಮೂಳೆ ಟೊಳ್ಳಾದವರಿಗೆ ಸಿಮೆಂಟ್ ಹಾಕಿ ಕೂರಿಸುವುದು ಸುರಕ್ಷಿತ. ಗಟ್ಟಿ ಮೂಳೆಯ ಕಿರಿಯರಿಗೆ ಮೂಳೆಯೇ ಬೆಳೆದು ಹಿಡಿದುಕೊಳ್ಳುವ, ಸಿಮೆಂಟಿಲ್ಲದ ಕೀಲನ್ನು ಹೆಚ್ಚಾಗಿ ಬಳಸುತ್ತಾರೆ. 2019ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿದ ಅಧ್ಯಯನದ ಪ್ರಕಾರ ನೂರಕ್ಕೆ ಸುಮಾರು 58 ಕೃತಕ ಕೀಲುಗಳು 25 ವರ್ಷ ಬಾಳುತ್ತವೆ. ಎಪ್ಪತ್ತರ ಅಜ್ಜನಿಗೆ ಅಷ್ಟು ಸಾಕು. ಇಪ್ಪತ್ತೈದರ ಹುಡುಗನಿಗೆ?

ಈ ಪ್ರಶ್ನೆ ಶಿವಮೊಗ್ಗ ಜಿಲ್ಲೆಗೆ ಹೊಸದಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ, ವಂಶವಾಹಿಯಾಗಿ ಬರುವ ಕಾಯಿಲೆ ಬಡ ದಲಿತ ಕುಟುಂಬಗಳ ಎಳೆಯರ ಸೊಂಟದ ಕೀಲನ್ನೇ ಸವೆಸುತ್ತದೆ. ಇಂಥವರಿಗೆ ಕೀಲು ಬದಲಿಸುವಾಗ ಮುಂದೊಂದು ದಿನ ಮತ್ತೆ ಬದಲಿಸಬೇಕಾದೀತು ಎಂಬ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಕೂಲಿಯಿಂದಲೇ ಬದುಕುವ ಮನೆಗೆ ಎರಡನೆಯ ಶಸ್ತ್ರಚಿಕಿತ್ಸೆಯ ಖರ್ಚು ಸಣ್ಣದಲ್ಲ.

ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮುನ್ನ ಕೇಳಬೇಕಾದ್ದು ಇಷ್ಟು: ಯಾವ ಕೀಲು, ಸಿಮೆಂಟ್ ಬೇಕೇ, ಸೋಂಕು ತಗಲದಂತೆ ಏನು ಎಚ್ಚರಿಕೆ, ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಖರ್ಚು ಸಿಗುತ್ತದೆಯೇ? ಹಲ್ಲಿನ ಹುಣ್ಣು, ಸಕ್ಕರೆ ಕಾಯಿಲೆಗಳನ್ನು ಮೊದಲೇ ಹತೋಟಿಗೆ ತರಬೇಕು. ಮನೆಗೆ ಮರಳಿದ ಮೇಲೆ ವೈದ್ಯರು ಹೇಳುವವರೆಗೆ ಚಕ್ಕಳಮಕ್ಕಳ, ಕುಕ್ಕರಗಾಲು ಬೇಡ. ಊಟಕ್ಕೆ ಎತ್ತರದ ಕುರ್ಚಿ, ಬಚ್ಚಲಿಗೆ ಕಮೋಡು ಇರಲಿ. ಗಾಯದ ಗುರುತು ಮುಂದಿದೆಯೋ ಹಿಂದಿದೆಯೋ ಎಂದು ಯಾರೂ ನೋಡುವುದಿಲ್ಲ. ಸಂತೆಗೆ ಹೋಗಿ ಚೀಲ ಹಿಡಿದು ತಾನೇ ನಡೆದು ಬಂದರೆ ಸಾಕು.