ಆರಿದ ಕಾಫಿ ಯಾರ ಪಾಲು?

ಅರೇಬಿಕಾ ಮುಗಿದು ರೋಬಸ್ಟಾ ಕೊಯ್ಲು ಶುರುವಾಗಿದೆ. ಎಲ್ಲರೂ ಕಣ, ಟಾರ್ಪಲ್, ರೇಟು ಅಂತ ಓಡಾಡೋ ಹೊತ್ತಲ್ಲಿ ನಾನು ಫ್ಲಾಸ್ಕಿನ ತಳದಲ್ಲಿ ಉಳಿಯೋ ಕಾಫಿ ಬಗ್ಗೆ ಬರೀತಿದ್ದೀನಿ. ನಗಬೇಡಿ, ವಿಷಯ ಇದೆ.

ನಮ್ಮನೇಲಿ ಬೆಳಗ್ಗೆ ಆರಕ್ಕೆಲ್ಲ ದೊಡ್ಡ ಫಿಲ್ಟರ್ ಇಳಿದಿರುತ್ತೆ. ಮನೆಯವರದ್ದಾಗಿ, ಬಂದು ಹೋಗೋರದ್ದೂ ಆಗಿ, ದಿನಾ ಮೂರು ಲೋಟದಷ್ಟು ಹಾಲು ಬೆರೆಸಿದ ಕಾಫಿ ಉಳೀತಿತ್ತು. ಹತ್ತು ಗಂಟೆಗೆ ಅದಕ್ಕೇ ಒಂದಿಷ್ಟು ನೀರು, ಸಕ್ಕರೆ, ಹೊಸ ಹಾಲು ಸೇರಿಸಿ ಕುದಿಸಿ ಹಣ್ಣು ಕೊಯ್ಯೋರಿಗೆ ಕಳಿಸೋದು ಅಪ್ಪನ ಕಾಲದಿಂದ ಬಂದ ಪದ್ಧತಿ. ಕೆಟ್ಟ ಮನಸ್ಸಿಂದ ಮಾಡಿದ್ದಲ್ಲ. ದಂಡ ಆಗಬಾರದು ಅನ್ನೋದಷ್ಟೇ.

ಹೋದ ವಾರ ಫ್ಲಾಸ್ಕ್ ಹಿಡ್ಕೊಂಡು ನಾನೇ ತೋಟಕ್ಕೆ ಹೋದೆ. ಹದಿನೈದು ವರ್ಷದಿಂದ ನಮ್ಮಲ್ಲಿ ಕೊಯ್ಯೋಕೆ ಬರೋ ಅಕ್ಕ ಒಬ್ಬರು ಲೋಟ ಬಾಯಿ ಹತ್ರ ತಂದು ಹಾಗೇ ಕೆಳಗಿಟ್ಟರು.

"ಯಾಕಕ್ಕ, ಕುಡಿಯಲ್ವಾ?"

"ಬೇಡ ಅಣ್ಣಾ, ಇದು ಬೆಳಗ್ಗೆದು. ನಂಗೆ ಬಿಸಿನೀರೇ ಸಾಕು."

ಸಿಟ್ಟಿಲ್ಲ, ದೂರಿಲ್ಲ. ಸೊಂಟಕ್ಕೆ ಚೀಲ ಬಿಗಿದು ಮತ್ತೆ ಗಿಡಕ್ಕೆ ಕೈ ಹಾಕಿದರು. ಆ ಲೋಟ ನಾನೇ ಕುಡಿದೆ. ಕಹಿ, ಹಿಂದೇ ಒಂಥರಾ ಹುಳಿ, ಮೇಲೆ ಸೀದ ಹಾಲಿನ ವಾಸನೆ. ಇಷ್ಟು ವರ್ಷ ಇದನ್ನ ನಾನು ಒಂದು ದಿನಾನೂ ರುಚಿ ನೋಡಿರಲಿಲ್ಲ.

ರಾತ್ರಿ ಕೂತು ಲೆಕ್ಕ ಹಾಕಿದೆ. ಒಂದು ಕೆಜಿ ಅರೇಬಿಕಾ ಬೇಳೆಗೆ ಹೆಚ್ಚುಕಮ್ಮಿ 6 ಕೆಜಿ ಹಣ್ಣು ಬೇಕು. ಹುರಿದಾಗ ನೂರಕ್ಕೆ 15ರಿಂದ 20ರಷ್ಟು ತೂಕ ಹೋಗುತ್ತೆ. ಅಂದ್ರೆ ಒಂದು ಕೆಜಿ ಪುಡಿಗೆ 7 ಕೆಜಿ ಹಣ್ಣು. ಲೋಟಕ್ಕೆ 10 ಗ್ರಾಂ ಪುಡಿ ಹಿಡಿದರೆ 70 ಗ್ರಾಂ ಹಣ್ಣು, ಮೂರು ಲೋಟಕ್ಕೆ 200 ಗ್ರಾಂ ಮೇಲೆ. ವರ್ಷಕ್ಕೆ 70 ಕೆಜಿ ದಾಟುತ್ತೆ. ನಮ್ಮ ತೋಟದಲ್ಲಿ ಆ ಅಕ್ಕ ಒಂದು ದಿನ ಪೂರ್ತಿ ಕೊಯ್ಯೋದು ಹತ್ರ ಹತ್ರ ಅಷ್ಟೇ. ಅವರ ಒಂದು ದಿನದ ದುಡಿಮೆಯನ್ನ ಕೆಡಿಸಿ, ಅವರಿಗೇ ವಾಪಸ್ ಕುಡಿಸ್ತಿದ್ವಿ.

ಉಳಿದ ಕಾಫಿ ಉಪಯೋಗಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮೊದಲು ನಾವೇ ಉಪಯೋಗಿಸಬೇಕು, ಅದೂ ಸರಿಯಾಗಿ. ಈಗ ನಮ್ಮನೇಲಿ ಮಾಡ್ತಿರೋದು ಹೇಳ್ತೀನಿ.

ಡಿಕಾಕ್ಷನ್ನು, ಹಾಲು ಬೇರೆ ಬೇರೆ. ಕುಡಿಯೋರು ಬಂದಾಗಲೇ ಬೆರೆಸೋದು. ಉಳಿದ ಡಿಕಾಕ್ಷನ್ ಗಾಜಿನ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು ಫ್ರಿಜ್ಜಿಗೆ. ಮಾರನೇ ದಿನದೊಳಗೆ ಮುಗಿಸ್ತೀವಿ. ಅದನ್ನ ಒಲೆ ಮೇಲೆ ಇಡೋದೇ ಇಲ್ಲ. ಕುದಿಸಿದ್ರೆ ಘಮ ಹೋಗಿ ಕಹಿ ಉಳಿಯುತ್ತೆ. ಹಾಲನ್ನೇ ಚೆನ್ನಾಗಿ ಕಾಯಿಸಿ ಅದರ ಮೇಲೆ ಸುರೀರಿ, ಸಾಕು. ಮಧ್ಯಾಹ್ನ ಬಿಸಿಲಲ್ಲಿ ತಣ್ಣನೆ ಹಾಲು, ಸ್ವಲ್ಪ ಬೆಲ್ಲದ ಪಾಕ ಹಾಕಿದ್ರೆ ಅದರಷ್ಟು ಹಿತ ಯಾವುದೂ ಇಲ್ಲ. ಮಗಳು ಐಸ್ ಟ್ರೇಯಲ್ಲಿ ಗಡ್ಡೆ ಕಟ್ಟಿಸಿ ಇಡ್ತಾಳೆ, ನೀರು ಸೇರಿ ತೆಳುವಾಗಲ್ಲ ಅಂತ.

ಹಾಲು ಬೆರೆಸಿ ಗಂಟೆಗಟ್ಟಲೆ ಹೊರಗಿದ್ದದ್ದು ಯಾರಿಗೂ ಬೇಡ. ನಾಯಿ ತಟ್ಟೆಗೂ ಬೇಡ, ಕಾಫಿಯೊಳಗಿನ ಕೆಫೀನ್ ನಾಯಿಗೆ ವಿಷ. ಗೊಬ್ಬರ ಗುಂಡಿಗೆ ಸುರಿದು ಮೇಲೆ ತರಗೆಲೆ ಎಳೀರಿ, ಇಲ್ಲಾಂದ್ರೆ ಇರುವೆ, ವಾಸನೆ. ಫಿಲ್ಟರಿನ ಚರಟದಲ್ಲಿ ಸಾರಜನಕ ನೂರಕ್ಕೆ ಎರಡರ ಹತ್ತಿರ ಇರುತ್ತೆ, ಅದೂ ಗುಂಡಿಗೇ ಹೋಗಲಿ. ಗಿಡದ ಬುಡಕ್ಕೆ ನೇರ ಹಾಕೋ ಆತುರ ಬೇಡ. ನಾನೊಮ್ಮೆ ಆರಿದ ಬ್ಲ್ಯಾಕ್ ಕಾಫಿಯನ್ನ ಮೆಣಸಿನಕಾಯಿ ಬೀಜ ಹಾಕಿದ್ದ ಮಡಿಗೆ ವಾರವಿಡೀ ಸುರಿದು, ಅರ್ಧಕ್ಕರ್ಧ ಬೀಜ ಏಳದೇ ಹೋಗಿತ್ತು. ಕೆಫೀನ್ ಮೊಳಕೆಯನ್ನ ತಡೆಯುತ್ತೆ ಅಂತ ಆಮೇಲೆ ಗೊತ್ತಾಯ್ತು.

ಕೆಲವರು ಕೇಳ್ತೀರಿ: "ಕೂಲಿ, ಗೊಬ್ಬರ ಎಲ್ಲಾ ಏರಿರುವಾಗ ಮೂವತ್ತು ಜನಕ್ಕೆ ಹೊಸ ಕಾಫಿ ಅಂದ್ರೆ ಖರ್ಚಲ್ವಾ?" ಖರ್ಚೇ. ಆದ್ರೆ ಬೆಳಗಿನ ಮೂರು ಲೋಟದಿಂದ ಮೂವತ್ತು ಜನದ ಕಾಫಿಯಲ್ಲಿ ಉಳಿತಾಯ ಆಗ್ತಿದ್ದದ್ದಾದರೂ ಎಷ್ಟು? ಅಷ್ಟಕ್ಕೆ ಮೂವತ್ತು ಲೋಟವೂ ಕೆಡ್ತಿತ್ತು. ಇನ್ನು ಕೆಲವರು "ಅವರು ಏನೂ ಅಂದುಕೊಳ್ಳಲ್ಲ" ಅಂತೀರಿ. ಅಂದುಕೊಳ್ತಾರೆ ಸ್ವಾಮಿ, ಹೇಳಲ್ಲ ಅಷ್ಟೇ. ನಮಗೆ ಅದು ಗೊತ್ತಾಗೋಕೆ ಹದಿನೈದು ವರ್ಷ ಬೇಕಾಯ್ತು.

ಸೋಮವಾರದಿಂದ ಹತ್ತು ಗಂಟೆಗೆ ತೋಟಕ್ಕಂತಲೇ ಬೇರೆ ಫಿಲ್ಟರ್ ಇಳೀತಿದೆ. ಮನೇಲಿ ಬೆಳಗಿನ ಪುಡಿ ಎರಡು ಚಮಚ ಕಡಿಮೆ ಮಾಡಿದ್ವಿ, ಉಳಿಯೋದೂ ಕಡಿಮೆ ಆಯ್ತು. ಆ ಅಕ್ಕ ಮೊದಲ ದಿನ ಲೋಟ ಮೂಸಿ ನೋಡಿ, ಏನೂ ಹೇಳದೆ ಕುಡಿದರು. ಎರಡನೇ ಲೋಟಕ್ಕೆ ಕೈ ಚಾಚಿದರು.

ನಾಳೆ ಹತ್ತು ಗಂಟೆಗೆ ನಿಮ್ಮ ತೋಟಕ್ಕೆ ಹೋಗೋ ಫ್ಲಾಸ್ಕಿಂದ ಒಂದು ಲೋಟ ನೀವೇ ಬಗ್ಗಿಸಿ ಕುಡೀರಿ. ಹೇಗಿತ್ತು ಅಂತ ಕೆಳಗೆ ಬರೀರಿ.